ದಿಕ್ಕು ತಿಳಿಯದವರಿಗೆ ಅಭ್ಯಾಸದಿಂದ ಪ್ರಯೋಜನವಿದೆಯೇ?

ಪ್ರಶ್ನೆ: ದೊಡ್ಡ ಕಟ್ಟಡವೊಂದರ ಒಂದು ಬಾಗಿಲಿನಿಂದ ಒಳಹೊಕ್ಕು ಇನ್ನೊಂದರಿಂದ ಹೊರಬಂದರೆ, ವರ್ಷಗಳಿಂದ ಓಡಾಡಿದ ರಸ್ತೆಯೂ ನನಗೆ ಅಪರಿಚಿತವೆನಿಸುತ್ತದೆ. ಇದು ಅಭ್ಯಾಸದಿಂದ ಸುಧಾರಿಸುವಂಥದ್ದೇ?

ಉತ್ತರ 1: ತಕ್ಕಮಟ್ಟಿಗೆ ಸುಧಾರಿಸಬಹುದು. ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಸ್ಥಳವನ್ನು ಗುರುತಿಸುವ ಜೀವಕೋಶಗಳಿವೆ. ಅವುಗಳನ್ನು ಪತ್ತೆಹಚ್ಚಿದ ಜಾನ್ ಓಕೀಫ್ ಅವರು 2014ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ನಗರದ ರಸ್ತೆಗಳನ್ನು ನೆನಪಿಟ್ಟುಕೊಳ್ಳಲು ವರ್ಷಗಟ್ಟಲೆ ಅಭ್ಯಾಸ ಮಾಡುವ ಲಂಡನ್ನಿನ ಟ್ಯಾಕ್ಸಿ ಚಾಲಕರಲ್ಲಿ ಈ ಭಾಗದ ಹಿಂಬದಿ ಇತರರಿಗಿಂತ ದೊಡ್ಡದಾಗಿರುವುದನ್ನು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಷ್ಟು ಸಾಧನೆ ನಮಗೇನೂ ಬೇಕಿಲ್ಲವೆನ್ನಿ!

ಉತ್ತರ 2: ಹೋಗುವಾಗಲೇ ಪ್ರತಿ ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿಕೊಳ್ಳಿ, ಏಕೆಂದರೆ ಮರಳುವಾಗ ಅದೇ ರಸ್ತೆ ಬೇರೆಯಾಗಿಯೇ ಕಾಣುತ್ತದೆ. ಗುರುತಿಗೆ ನಿಲ್ಲಿಸಿದ ವಾಹನವನ್ನಲ್ಲ, ಕದಲದ ನೀರಿನ ಟ್ಯಾಂಕನ್ನು ಆರಿಸಿಕೊಳ್ಳಿ. ಫೋನಿನ ನಕ್ಷೆಯಲ್ಲಿ ಉತ್ತರ ದಿಕ್ಕು ಸದಾ ಮೇಲಕ್ಕಿರಲಿ.

ಉತ್ತರ 3: ಮೊದಲಿನಿಂದಲೂ ಹೀಗಿದ್ದರೆ ಚಿಂತೆ ಬೇಡ, ಪರಿಚಿತ ಜಾಗದಲ್ಲಿ ಇತ್ತೀಚೆಗಷ್ಟೇ ದಾರಿ ತಪ್ಪತೊಡಗಿದ್ದರೆ ವೈದ್ಯರನ್ನು ಕಾಣುವುದು ಒಳಿತು.