ಟರ್ನರ್ ಸಿಂಡ್ರೋಮ್: ಎತ್ತರ ಕಡಿಮೆಯಾಗುವುದೇಕೆ?

ಪ್ರಶ್ನೆ: ಹೆಣ್ಣಿನ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದು ಹೇಗೂ ಸುಮ್ಮನಿರುತ್ತದಲ್ಲ? ಮತ್ತೆ ಒಂದೇ ಎಕ್ಸ್ ಇರುವ, ಅಂದರೆ ಟರ್ನರ್ ಸಿಂಡ್ರೋಮ್‌ನ ಹುಡುಗಿಯರು ಕುಳ್ಳಗಾಗುವುದೇಕೆ?

ಉತ್ತರ 1: ಪೂರ್ತಿ ಸುಮ್ಮನಿರುವುದಿಲ್ಲ ಸರ್. ಎಕ್ಸ್, ವೈ ಎರಡರ ತುದಿಯಲ್ಲೂ ಇರುವ ಶಾಕ್ಸ್ ಜೀನ್ ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ಗಂಡಿಗೂ ಹೆಣ್ಣಿಗೂ ಎರಡೆರಡು ಪ್ರತಿ, ಟರ್ನರ್‌ನಲ್ಲಿ ಒಂದೇ. ಎಲುಬು ಉದ್ದವಾಗುವ ಜಾಗವಾದ ತುದಿಯ ಬೆಳವಣಿಗೆ ಫಲಕಕ್ಕೆ ಅದು ಸಾಲದು. ಚಿಕಿತ್ಸೆಯಿಲ್ಲದಿದ್ದರೆ ದೊಡ್ಡವರಾದಾಗ ಎತ್ತರ ಸುಮಾರು 20 ಸೆಂ.ಮೀ. ಕಡಿಮೆ.

ಉತ್ತರ 2: ಎಕ್ಸ್‌ಎಕ್ಸ್‌ವೈ ಗಂಡಸರಲ್ಲಿ ಇದರ ಉಲ್ಟಾ: ಮೂರು ಪ್ರತಿ, ಉದ್ದ ಕಾಲು. ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ಕೊರತೆಯಿದ್ದರೆ ಫಲಕ ಮುಚ್ಚುವುದೂ, ಅಂದರೆ ಬೆಳವಣಿಗೆ ನಿಲ್ಲುವುದೂ ತಡ.

ಉತ್ತರ 3: ಕಾರಣ ತಿಳಿಯದೆ ಕುಳ್ಳಗಿರುವ ಹುಡುಗಿಗೆ ಕ್ಯಾರಿಯೋಟೈಪ್ (ಕ್ರೋಮೋಸೋಮ್‌ಗಳನ್ನು ನೋಡುವ ಪರೀಕ್ಷೆ) ಮಾಡಿಸಲೇಬೇಕು. ಮುಖ, ಕತ್ತಿನಲ್ಲಿ ಟರ್ನರ್ ಲಕ್ಷಣ ಕಾಣಲಿಲ್ಲವೆಂದು ‘ಏನಿಲ್ಲ’ ಅಂದುಬಿಡಬೇಡಿ. ಟರ್ನರ್ ಇದ್ದರೆ ಬೆಳವಣಿಗೆ ಹಾರ್ಮೋನ್ 4–6 ವರ್ಷಕ್ಕೇ ಶುರುವಾದರೆ ಒಳ್ಳೆಯದು: ದಿನಕ್ಕೆ, ಕೆ.ಜಿ.ಗೆ 45–50 ಮೈಕ್ರೋಗ್ರಾಂ. ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ 11–12ನೇ ವಯಸ್ಸಿನಲ್ಲಿ, ತೀರಾ ಸಣ್ಣ ಪ್ರಮಾಣದಿಂದ. ಒಮ್ಮೆಲೇ ಹೆಚ್ಚಿಸಿದರೆ ಫಲಕ ಬೇಗ ಮುಚ್ಚಿಹೋಗುತ್ತದೆ.