ಕೋರ್ಟ್ ರಾಜಿಗೆ ಕೊಟ್ಟ ಹಣಕ್ಕೆ ಕಂಪನಿಗೆ ತೆರಿಗೆ ವಿನಾಯಿತಿ ಯಾಕೆ?

ಪ್ರಶ್ನೆ:
2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಬಿಪಿ ಕಂಪನಿಯ ಎಣ್ಣೆ ಬಾವಿ ಸ್ಫೋಟವಾಗಿ 11 ಜನ ಸತ್ತರು. 2015ರಲ್ಲಿ ಅಮೆರಿಕ ಸರ್ಕಾರದ ಜೊತೆ 2,080 ಕೋಟಿ ಡಾಲರಿಗೆ ರಾಜಿಯಾಯಿತು. ಅದರಲ್ಲಿ ಜಲಮಾಲಿನ್ಯ ಕಾಯ್ದೆಯ ದಂಡ 550 ಕೋಟಿ. ದಂಡಕ್ಕೆ ವಿನಾಯಿತಿ ಇಲ್ಲ. ಆದರೆ ಉಳಿದ ಹಣದಲ್ಲಿ ಬಹುಪಾಲನ್ನು ವ್ಯಾಪಾರದ ಖರ್ಚು ಅಂತ ತೋರಿಸಲು ದಾರಿಯಿತ್ತು. ಆಗ ಅಲ್ಲಿ ಕಂಪನಿ ತೆರಿಗೆ 35%. ಅಂದ್ರೆ ಹಾಗೆ ತೋರಿಸಿದ ಪ್ರತಿ 100 ಡಾಲರಿಗೆ 35 ಡಾಲರ್ ತೆರಿಗೆ ಉಳಿತು. ಆ 35 ಡಾಲರ್ ಜನರ ಖಜಾನೆಗೆ ಬರಬೇಕಾದದ್ದು ಅಲ್ವಾ? ತಪ್ಪು ಅವರದ್ದು, ಭಾರ ನಮ್ಮ ಮೇಲೆ ಯಾಕೆ?

ಉತ್ತರ 1:
ಸಿಟ್ಟು ಅರ್ಥವಾಗುತ್ತದೆ. ಆದರೆ ತೆರಿಗೆ ಹಾಕುವುದು ಲಾಭದ ಮೇಲೆ, ನಡತೆಯ ಮೇಲಲ್ಲ. ಕಂಪನಿಯ ಲಾರಿ ಯಾರಿಗೋ ಗುದ್ದಿದರೆ ಕೊಡುವ ಪರಿಹಾರವೂ ಡೀಸೆಲ್ ಖರ್ಚಿನ ಹಾಗೆ ವ್ಯಾಪಾರದಲ್ಲೇ ಹುಟ್ಟಿದ ಖರ್ಚು. ಅದಕ್ಕೆ ವಿನಾಯಿತಿ ತೆಗೆದರೆ ಕಂಪನಿ ಚೌಕಾಸಿಗೆ ಕೂತು ನೊಂದವರಿಗೆ ಕೊಡುವ ಮೊತ್ತವನ್ನೇ ಇಳಿಸುತ್ತದೆ. ಶಿಕ್ಷೆ ಕೊಡಬೇಕೆಂದರೆ ದಂಡ ಜಾಸ್ತಿ ಮಾಡಿ.

ಉತ್ತರ 2:
ಪರಿಹಾರ ಯಾವುದು, ದಂಡ ಯಾವುದು ಅಂತ ಬರೆಯುವವರು ಯಾರು? ಎರಡೂ ಕಡೆಯ ವಕೀಲರು. ಮುಂಚೆ ಎಷ್ಟೋ ಒಪ್ಪಂದಗಳಲ್ಲಿ ಇದನ್ನು ಬಿಡಿಸಿ ಹೇಳುತ್ತಲೇ ಇರಲಿಲ್ಲ, ಹಾಗಾಗಿ ಕಂಪನಿಗಳು ಆದಷ್ಟೂ ಖರ್ಚಿನ ಲೆಕ್ಕಕ್ಕೆ ಸೇರಿಸುತ್ತಿದ್ದವು. 2017ರ ಕೊನೆಯಲ್ಲಿ ಅಮೆರಿಕ ಕಾನೂನು ಬದಲಿಸಿತು. ಕಾನೂನು ಮುರಿದ ಪ್ರಕರಣದಲ್ಲಿ ಸರ್ಕಾರಕ್ಕೆ, ಅಥವಾ ಸರ್ಕಾರ ಹೇಳಿದವರಿಗೆ ಕೊಟ್ಟ ಹಣಕ್ಕೆ ವಿನಾಯಿತಿ ಇಲ್ಲ. ನಷ್ಟ ತುಂಬಿಕೊಡಲು ಅಥವಾ ಕಾನೂನು ಪಾಲಿಸುವ ಸ್ಥಿತಿಗೆ ಬರಲು ಕೊಟ್ಟಿದ್ದರೆ ಮಾತ್ರ ಸಿಗುತ್ತದೆ, ಅದೂ ಒಪ್ಪಂದದಲ್ಲಿ ಹಾಗಂತ ನಮೂದಾಗಿರಬೇಕು. ಲೈಂಗಿಕ ಕಿರುಕುಳದ ದೂರನ್ನು ಬಾಯಿ ಬಿಡಬಾರದು ಅನ್ನೋ ಷರತ್ತು ಹಾಕಿ ಮುಗಿಸಿದರೆ ಆ ಹಣಕ್ಕೂ, ಅದರ ವಕೀಲರ ಫೀಸಿಗೂ ವಿನಾಯಿತಿ ಇಲ್ಲ. ಇದು ತುಂಬಾ ಒಳ್ಳೆಯ ನಿಯಮ. ಬಾಯಿ ಮುಚ್ಚಿಸೋಕೆ ಜನರ ದುಡ್ಡು ಯಾಕೆ ಹೋಗಬೇಕು?

ಪ್ರಶ್ನೆ ಕೇಳಿದವರು:
ಲಾರಿಯ ಮಾತು ಒಪ್ಪುತ್ತೇನೆ. ಅದು ಅಪಘಾತ. ಅಪಾಯ ಇದೆ ಅಂತ ಗೊತ್ತಿದ್ದೂ ದುಡ್ಡು ಉಳಿಸಲು ಸುಮ್ನಿದ್ದ ಕಂಪನಿಗೂ ಅದೇ ಲೆಕ್ಕ ಹಾಕುವುದನ್ನು ಒಪ್ಪಲಾರೆ.

ಉತ್ತರ 2:
ಗೊತ್ತಿತ್ತು ಅಂತ ಸಾಬೀತು ಮಾಡುವುದೇ ಕಷ್ಟ. ಎಷ್ಟೋ ಸಲ ರಾಜಿಯಾಗುವುದೇ ತಪ್ಪು ಒಪ್ಪಿಕೊಳ್ಳದೆ. ಕೊನೇಪಕ್ಷ ಸರ್ಕಾರ ಇಷ್ಟು ಕೋಟಿ ವಸೂಲಿ ಅಂತ ಪ್ರಕಟಿಸುವಾಗ ಅದರಲ್ಲಿ ಎಷ್ಟಕ್ಕೆ ವಿನಾಯಿತಿ ಸಿಗುತ್ತದೆ ಅನ್ನೋದನ್ನೂ ಅದೇ ಪುಟದಲ್ಲಿ ಹಾಕಲಿ.