ಆದಿಗೆ ಬಂದ ಕಾಗದ

ಸುಮಾ, ದೊಡ್ಡಮ್ಮ ಮಾತಾಡ್ತಿದೀನಿ ಕಣೇ. ನಿನ್ನ ಮೆಸೇಜು ಈಗ ನೋಡ್ದೆ. ನಿನ್ನ ಮಗ ಆದಿಗೆ 18 ತುಂಬ್ತು, ಅಮೆರಿಕದಲ್ಲಿ ಯುದ್ಧಕ್ಕೆ ಬೇಕಾದ್ರೆ ಕರೆಯೋಕೆ ಅಂತ ಹುಡುಗರ ಹೆಸರು ಬರೆದಿಟ್ಕೊಳ್ಳೋ ಸೆಲೆಕ್ಟಿವ್ ಸರ್ವಿಸ್‌ನೋರ ನೋಂದಣಿ ಮಾಡಿಸಿ ಅನ್ನೋ ಕಾಗದ ಬಂದಿದೆ, ಮಗೂನ ಯುದ್ಧಕ್ಕೆ ಎಳ್ಕೊಂಡು ಹೋಗ್ತಾರಾ, ಮೈಸೂರಿಗೆ ಕಳಿಸಿಬಿಡಲಾ ಅಂತ ಕೇಳಿದೀಯ. ಮೊದಲು ಒಂದು ಮಾತು, ಆ ಕಾಗದ ಎಸೀಬೇಡ.

ನಮ್ಮ ಅಣ್ಣನ ಮಗ ಕಿಟ್ಟಿ ಪಾಡು ನಿಮಗೆಲ್ಲ ಗೊತ್ತಿರೋದೇ. ಅಣ್ಣ ಅತ್ತಿಗೆ ಜೊತೆ ಗ್ರೀನ್ ಕಾರ್ಡಲ್ಲಿ ಬಂದಾಗ ಅವನಿಗೆ 19. ಅವರಿಬ್ಬರೂ ಇಲ್ಲಿ ಚಳಿ ತಡೀಲಾರದೆ ತಿಪಟೂರಿಗೆ ವಾಪಸ್ ಹೋದ್ರು, ಇವನು ನ್ಯೂಜೆರ್ಸಿಯ ಎಡಿಸನ್ನಲ್ಲಿ ನಮ್ಮ ಮನೇಲೇ ಇದ್ದು ಓದ್ದ. ಅವನಿಗೂ ಇದೇ ಕಾಗದ ಬಂತು. ಕಾಲೇಜಲ್ಲಿ ಯಾರೋ 'ಸಹಿ ಹಾಕಿದ್ರೆ ಮಿಲಿಟರಿಗೆ ಸೇರಿಸ್ಕೋತಾರೆ' ಅಂದನಂತೆ, ಹರಿದು ಹಾಕ್ದ. ನಮಗೆ ಉಸಿರೆತ್ತಲಿಲ್ಲ. 27ಕ್ಕೆ ಸಿಟಿಜನ್‌ಶಿಪ್ಪಿಗೆ ಅರ್ಜಿ ಕೊಟ್ಟ. ಇಂಟರ್ವ್ಯೂನಲ್ಲಿ ಆಫೀಸರು ಕೆಂಪು ಪೆನ್ನಲ್ಲಿ ಒಂದೊಂದೇ ಪ್ರಶ್ನೆಗೆ ಟಿಕ್ ಹಾಕ್ತಾ ಬಂದೋರು, ಈ ನೋಂದಣಿ ಪ್ರಶ್ನೆ ಹತ್ರ ನಿಂತ್ರಂತೆ. ಕಾಗದ ಬಂದಿತ್ತಾ ಅಂದ್ರು, ಬಂದಿತ್ತು ಅಂದ. ಗೊತ್ತಿದ್ದೂ ಮಾಡಿಸಲಿಲ್ಲ ಅಂತ ಅರ್ಜಿ ತಳ್ಳಿಹಾಕಿದ್ರು. 26 ತುಂಬಿದ ಮೇಲೆ ನೋಂದಣಿ ಮಾಡಿಸ್ತೀನಿ ಅಂದ್ರೂ ತಗೊಳಲ್ಲ. 31 ಆಗಲಿ, ಆಮೇಲೆ ಹಾಕೋಣ ಅಂದ್ರು ವಕೀಲರು. ಅಷ್ಟರಲ್ಲಿ ಮದುವೆ ಬೇರೆ ಆಗಿತ್ತು. ಇವನು ಸಿಟಿಜನ್ ಆಗಿದ್ರೆ ಹೆಂಡತಿ ಬೇಗ ಬರ್ತಿದ್ಲು. ಪಾಪ, ಆ ಹುಡುಗಿ ವೀಸಾ ಕಾಯ್ತಾ ಅತ್ತೆ ಮನೇಲಿ ಕೂತ್ಲು.

ಅದಕ್ಕೇ ಹೇಳ್ತಿರೋದು ಸುಮಾ, ಕಾಗದ ಎಸೀಬೇಡ, ಹುಡುಗನ್ನ ಊರಿಗೂ ಓಡಿಸಬೇಡ. ಸಿಟಿಜನ್ ಮಗು, ಮೈಸೂರಲ್ಲಿದ್ರೂ ನೋಂದಣಿ ಆಗಲೇಬೇಕು.

ಅತ್ತಿಗೆ ಇವತ್ತಿಗೂ 'ಕಿಟ್ಟಿ ನಿಮ್ಮನೇಲೇ ಇದ್ದ, ನೀವೇ ನೋಡ್ಕೋಬಾರದಿತ್ತಾ' ಅಂತಾರೆ. ನಾಲ್ಕು ವರ್ಷ ಅನ್ನ ಹಾಕಿದೋಳು ನಾನು, ರಜ ಹಾಕಿ ವಕೀಲರ ಆಫೀಸಿಗೆ ಅಲೆದೋರು ನಿಮ್ಮ ದೊಡ್ಡಪ್ಪ. ಅವನ ಮಗೂಗೆ ನಾಮಕರಣ ಆದಾಗ ಎಲ್ಲರಿಗೂ ಫೋನ್ ಮಾಡಿ ಕರೆದ್ರು, ನನಗೆ ಪತ್ರಿಕೆ ಫೋಟೋ ಒಂದು ವಾಟ್ಸಾಪಲ್ಲಿ ಬಂತು. ಒಂದು ಕರೆ ಮಾಡೋಕಾಗಲಿಲ್ವಾ? ಅತ್ತಿಗೇನೂ ಈ ಗ್ರೂಪಲ್ಲಿದಾರೆ, ಕೇಳಿಸಿಕೊಳ್ಲಿ.

ಅಯ್ಯೋ, ಮುಖ್ಯವಾದ್ದೇ ಬಿಟ್ಟೆ ನೋಡು. ನೋಂದಣಿ ಅಂದ್ರೆ ಸೈನ್ಯಕ್ಕೆ ಸೇರಿದ ಹಾಗಲ್ಲ. 1973ರಿಂದ ಈ ದೇಶದಲ್ಲಿ ಯಾರನ್ನೂ ಬಲವಂತವಾಗಿ ಕರೆದಿಲ್ಲ. ಮತ್ತೆ ಕರೀಬೇಕಂದ್ರೆ ಕಾಂಗ್ರೆಸ್ಸಲ್ಲಿ ಕಾನೂನಾಗಬೇಕು, ಅಧ್ಯಕ್ಷರು ಸಹಿ ಹಾಕಬೇಕು, ಆಮೇಲೆ ಲಾಟರಿ. ಅದರಲ್ಲೂ ಮೊದಲು 20 ವರ್ಷದೋರು. ಕೊಲ್ಲೋದು ನನ್ನ ಮನಸ್ಸಾಕ್ಷಿಗೆ ಒಪ್ಪಲ್ಲ ಅನ್ನೋಕೆ ಆಗ ಅವಕಾಶ ಇದೆ, ಈಗಿನ ಫಾರಮ್ಮಲ್ಲಿ ಅದಕ್ಕೆ ಜಾಗ ಇಲ್ಲ. ಆದಿಗೆ ಹಾಗನ್ನಿಸಿದ್ರೆ ಯಾಕೆ ಅಂತ ಈಗಲೇ ಬರೆದು, ತಾರೀಖು ಹಾಕಿ ಇಟ್ಕೊಳ್ಳಲಿ. ಅವನ ಮನಸ್ಸಲ್ಲಿರೋದನ್ನ ಅವನೇ ಬರೀಬೇಕು, ನೀನು ಹೇಳಿಕೊಡಬೇಡ.

18 ತುಂಬಿ 30 ದಿನದೊಳಗೆ ಆನ್‌ಲೈನಲ್ಲಿ ಮಾಡಿಸಿಬಿಡು, ದುಡ್ಡಿಲ್ಲ. ಇನ್ಮೇಲೆ ತಾನಾಗೇ ಆಗುತ್ತಂತೆ ಅಂತ ಕಾಯ್ತಾ ಕೂರಬೇಡ. ಆದ ಮೇಲೆ ಬರೋ ಕಾಗದ ಪಾಸ್‌ಪೋರ್ಟ್ ಜೊತೆ ಇಡು. ಹೆಣ್ಮಕ್ಕಳಿಗೆ ಇದಿಲ್ಲ. ಎಚ್-4 (ಕೆಲಸದ ವೀಸಾದೋರ ಮಕ್ಕಳಿಗೆ ಕೊಡೋದು), ಎಫ್-1 (ಓದೋಕೆ ಬಂದೋರಿಗೆ ಕೊಡೋದು) ವೀಸಾದಲ್ಲಿ ಸರಿಯಾಗಿರೋ ಹುಡುಗರಿಗೂ ಇಲ್ಲ, ಆದ್ರೆ 26ರೊಳಗೆ ಗ್ರೀನ್ ಕಾರ್ಡ್ ಬಂದ್ರೆ ಮಾಡಿಸ್ಬೇಕು. ಪಲ್ಲವಿ, ನಿಮ್ಮ ರೋಹನ್‌ಗೆ ಮೊನ್ನೆ ಗ್ರೀನ್ ಕಾರ್ಡ್ ಬಂತಲ್ಲ, 25 ಅಲ್ವಾ ಅವನಿಗೆ? ಇವತ್ತು ರಾತ್ರಿನೇ ಕೂರಿಸಿ ಮಾಡಿಸು.